ಮುದ್ದೆಯ ಪಂದ್ಯ ಮತ್ತು ಹಸಿವಿನ ಸೀಮೆಯ ಚರಿತ್ರೆ



ಮೈಸೂರು ದಸರಾ ಆಹಾರ ಮೇಳದಲ್ಲಿ ರಾಗಿಮುದ್ದೆ ಉಣ್ಣುವ ಸ್ಪರ್ಧೆ ನಡೆಯುವುದನ್ನೂ, ಮಂಡ್ಯದ ಕಡೆ ನಾಟಿಕೋಳಿ ಸಾರಿನೊಡನೆ ಇಂಥದೇ ಪಂದ್ಯಗಳು ಏರ್ಪಡುವುದನ್ನೂ ಪತ್ರಿಕೆಗಳಲ್ಲಿ ಚಿತ್ರಸಮೇತ ನೀವು ನೋಡಿರುತ್ತೀರಿ. "ಉಣ್ಣುವುದರಲ್ಲಿಯೂ ಸ್ಪರ್ಧೆಯೇ?" ಎಂದು ಹುಬ್ಬೇರಿಸುವ ಹಿರಿಯರುಂಟು. ಇತಿಹಾಸವನ್ನು ಬೋಧಿಸಿದವನಿಗೆ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ. ಗೆಲ್ಲುವವನ ತಟ್ಟೆಯಲ್ಲಿರುವ ಆ ಮುದ್ದೆಯ ಚರಿತ್ರೆಯೇನು? ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಿಂತು ನೋಡಿದರೆ ಅದು ಹೇಗೆ ಕಾಣುತ್ತದೆ?

ಇಂದು ಇಂತಹ ಪಂದ್ಯಗಳಲ್ಲೆಲ್ಲ ಜಗತ್ಪ್ರಸಿದ್ಧವಾದುದು ಅಮೆರಿಕೆಯ ನ್ಯೂಯಾರ್ಕ್ ನಗರದ ಕೋನಿ ಐಲೆಂಡಿನಲ್ಲಿ ಪ್ರತಿವರ್ಷ ಜುಲೈ 4ರಂದು ನಡೆಯುವ ಹಾಟ್ ಡಾಗ್ ತಿನ್ನುವ ಸ್ಪರ್ಧೆ. ಹಾಟ್ ಡಾಗ್ ಎಂದರೆ ಉದ್ದನೆಯ ಬನ್ನಿನೊಳಗೆ ಮಾಂಸದ ಸಾಸೇಜನ್ನು ಇಟ್ಟುಕೊಡುವ ತಿಂಡಿ. ನೇಥನ್ಸ್ ಎಂಬ ಅಂಗಡಿ ಅಲ್ಲಿ 1916ರಲ್ಲಿ ಆರಂಭವಾಯಿತು. ಅದೇ ವರ್ಷ ನಾಲ್ವರು ವಲಸಿಗರು ತಮ್ಮಲ್ಲಿ ಹೆಚ್ಚಿನ ದೇಶಭಕ್ತ ಯಾರೆಂಬುದನ್ನು ತೀರ್ಮಾನಿಸಲು ಹಾಟ್ ಡಾಗ್ ತಿಂದು ಪಂದ್ಯ ಕಟ್ಟಿದರೆಂದೂ, ಅಂದಿನಿಂದ ಈ ಸಂಪ್ರದಾಯ ನಡೆದು ಬಂದಿದೆಯೆಂದೂ ದಶಕಗಳ ಕಾಲ ಜನ ನಂಬಿದ್ದರು. ಆದರೆ ಅಂಗಡಿಯ ಪ್ರಚಾರದ ಹೊಣೆ ಹೊತ್ತಿದ್ದ ಮಾರ್ಟಿಮರ್ ಮ್ಯಾಟ್ಜ್ ಎಂಬಾತ 2010ರಲ್ಲಿ, ಆ ಕಥೆಯನ್ನು ತಾವೇ ಹೆಣೆದದ್ದೆಂದು ಒಪ್ಪಿಕೊಂಡ. ದಾಖಲೆಗೆ ಸಿಗುವ ಪಂದ್ಯಗಳು 1970ರ ದಶಕದಿಂದ ಈಚಿನವು. 2001ರಲ್ಲಿ ಜಪಾನಿನ ತಾಕೆರು ಕೊಬಯಾಷಿ 12 ನಿಮಿಷಗಳಲ್ಲಿ 50 ಹಾಟ್ ಡಾಗ್ ತಿಂದು ಹಿಂದಿನ ದಾಖಲೆಯನ್ನು ಸುಮಾರು ಇಮ್ಮಡಿಗೊಳಿಸಿದ. 2021ರಲ್ಲಿ ಜೋಯಿ ಚೆಸ್ಟ್‌ನಟ್ 10 ನಿಮಿಷಗಳಲ್ಲಿ 76 ತಿಂದ.

ಕಥೆ ಬೇರೆ, ದಾಖಲೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ದೊರಕದು. ದಾಖಲೆಯ ಬೆಲೆಯನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತೂ ಅದರಲ್ಲಿದೆ. ಅದನ್ನು ನಾನು ತರಗತಿಯಲ್ಲಿ ಎರಡೆರಡು ಸಲ ಓದಿಸುತ್ತಿದ್ದುದು ನಿಮಗೆ ನೆನಪಿರಬಹುದು! 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಅಶೋಕನಿಗಿಂತ ಬಹು ಹಿಂದೆಯೇ ಇಲ್ಲಿ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ ನೆಲೆಸಿದ್ದರೆಂದು ತೋರಿಸಿದರು. ಈ ಒಣನೆಲದಲ್ಲಿ ಮನುಷ್ಯ ಹೊಟ್ಟೆ ಹೊರೆಯುವ ವಿದ್ಯೆ ಅಷ್ಟು ಹಳೆಯದು.

ರಾಗಿ ಹುಟ್ಟಿನಿಂದ ನಮ್ಮದಲ್ಲ. ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಮೊದಲು ಕೃಷಿಗೆ ಬಂದು, ಸಾವಿರಾರು ವರ್ಷಗಳ ಹಿಂದೆ ಭಾರತವನ್ನು ಸೇರಿದ ಧಾನ್ಯವಿದು. ಆದರೆ ಕನ್ನಡಿಗರು ಅದನ್ನು ಎಷ್ಟರಮಟ್ಟಿಗೆ ತಮ್ಮದಾಗಿಸಿಕೊಂಡರೆಂಬುದಕ್ಕೆ ಕನಕದಾಸರ 'ರಾಮಧಾನ್ಯ ಚರಿತೆ'ಯೇ ಸಾಕ್ಷಿ. ಅಲ್ಲಿ ಭತ್ತಕ್ಕೂ ರಾಗಿಗೂ ವಾದ ನಡೆದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಭತ್ತ ಸೊರಗುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಶ್ರೀರಾಮನು ಅದನ್ನು ಮನ್ನಿಸಿ ತನ್ನ ಹೆಸರನ್ನೇ ಕೊಡುತ್ತಾನೆ. ಕಾವ್ಯದ ಈ ತೀರ್ಪು ರೈತನ ಅನುಭವಕ್ಕೆ ಸರಿಹೊಂದುತ್ತದೆ. ರಾಗಿಗೆ ಹುಳು ಬೀಳುವುದು ಅಪರೂಪ. ನೆಲದಡಿಯ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು.

ಹಗೇವು ಏಕೆ ಬೇಕಾಯಿತು? ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಸಂಖ್ಯೆಗಳ ನಡುವೆ ಎಷ್ಟು ಆರಿದ ಒಲೆಗಳಿವೆ ಎಂಬುದನ್ನು ಯೋಚಿಸಿ ನೋಡಿ. "ಉಂಡೆಯಾ?" ಎಂದು ಕೇಳುವುದೇ ನಮ್ಮಲ್ಲಿ ಕುಶಲಪ್ರಶ್ನೆಯಾಗಿರುವುದು, ತಟ್ಟೆಯಲ್ಲಿ ಒಂದು ತುತ್ತು ಉಳಿಸಿದರೂ ಅಜ್ಜಿಯರು ಗದರುತ್ತಿದ್ದುದು ಸುಮ್ಮನೆ ಬಂದ ರೂಢಿಗಳಲ್ಲ.

ಈ ಹಿನ್ನೆಲೆಯಲ್ಲಿ ಮುದ್ದೆಯ ಊಟವನ್ನು ನೋಡಬೇಕು. ಎಸರು ಮರಳಿದ ಮೇಲೆ ಹಿಟ್ಟು ಸುರಿದು, ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಒದ್ದೆಗೈಯಲ್ಲಿ ಬಿಸಿಬಿಸಿಯಾಗಿ ಕಟ್ಟಿದ ಮುದ್ದೆ. ಜೊತೆಗೆ ಹುರುಳಿಕಟ್ಟಿನ ಸಾರು, ಇಲ್ಲವೇ ಸೊಪ್ಪಿನ ಸಾರು, ಅಂಚಿನಲ್ಲಿ ಶೇಂಗಾ ಚಟ್ನಿ. ಶೇಂಗಾ ಮತ್ತು ಎಣ್ಣೆ ಗಿರಣಿಗಳಿಗೆ ಹೆಸರಾದ ಊರು ಚಳ್ಳಕೆರೆಯಲ್ಲವೇ! ಗಡಿಯಾಚೆಯ ರಾಯದುರ್ಗದ ಕಡೆ ಅಕ್ಕಿ ಸೇರಿಸಿ ಮಾಡುವ 'ಸಂಗಟಿ' ಇದರ ದಾಯಾದಿ. ಇನ್ನೊಂದು ಸಂಗತಿಯನ್ನು ಹೊರಗಿನವರು ಅರಿಯರು. ನಮ್ಮ ಸೀಮೆಯ ಮ್ಯಾಸಬೇಡ ಸಮುದಾಯದ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ. ಮಂಡ್ಯದ ನಾಟಿಕೋಳಿ ಪಂದ್ಯವನ್ನು ಹಾಗೆಯೇ ತಂದು ಇಲ್ಲಿ ನಡೆಸಿದರೆ ಅನೇಕರು ಎಲೆ ಮುಂದೆ ಕೂರಲಾರರು.

ಕಣದ ಕೆಲಸದ ದಿನಗಳಲ್ಲಿ ಹೆಚ್ಚು ಮುದ್ದೆ ಉಣ್ಣುವವನಾರೆಂದು ಆಳುಗಳು ಪಂದ್ಯ ಕಟ್ಟುತ್ತಿದ್ದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲಿ ಗಡಿಯಾರವಿರಲಿಲ್ಲ. ಹೆಚ್ಚು ಉಂಡವನು ಮರುದಿನ ಹೆಚ್ಚು ದುಡಿದು ತೋರಿಸಬೇಕಾಗಿತ್ತು. 'ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ' ಎಂಬ ಗಾದೆಯಲ್ಲಿ ಹಿಟ್ಟು ಅರ್ಧ ಭಾಗ, ಬೆಟ್ಟ ಇನ್ನರ್ಧ. ಮಾಡಿದ ಕೆಲಸಕ್ಕೆ ತಕ್ಕಷ್ಟೇ ಭಿಕ್ಷೆ ಎಂಬ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ನೀತಿಯೂ ಊಟವನ್ನು ದುಡಿಮೆಗೇ ಕಟ್ಟಿಹಾಕುತ್ತದೆ.

ಇಂದಿನ ಸ್ಪರ್ಧೆಗಳಲ್ಲಿ ದುಡಿಮೆಯ ಸ್ಥಾನಕ್ಕೆ ಗಡಿಯಾರ ಬಂದಿದೆ; ಅಪಾಯವಿರುವುದು ಅಲ್ಲಿಯೇ. 2024ರ ಓಣಂ ಹಬ್ಬದ ಸಮಯದಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಇಡ್ಲಿ ತಿನ್ನುವ ಸ್ಪರ್ಧೆಗಿಳಿದ ವ್ಯಕ್ತಿಯೊಬ್ಬ, ಇಡ್ಲಿ ಗಂಟಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಮುದ್ದೆಯಂತೂ ಅಗಿಯದೆ ನುಂಗುವ ಪದಾರ್ಥ. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನಿಧಾನವಾಗಿ ಇಳಿಸಬೇಕೆಂಬ ಕ್ರಮವನ್ನು ಹಿರಿಯರು ಕಲಿಸಿದ್ದು ಅದಕ್ಕಾಗಿಯೇ. ಸ್ಪರ್ಧೆ ಏರ್ಪಡಿಸುವ ನನ್ನ ಶಿಷ್ಯರು ಯಾರಾದರೂ ಇದ್ದರೆ ಅವರಲ್ಲಿ ಒಂದು ವಿನಂತಿ: ಅವಸರಕ್ಕೆ ಬಹುಮಾನ ಕೊಡಬೇಡಿ. ಗಂಟಿಲ್ಲದೆ ಮುದ್ದೆ ಕಟ್ಟಿದ ಕೈಗೆ ಕೊಡಿ, ಒಂದು ಅಗುಳೂ ಚೆಲ್ಲದೆ ಉಂಡವರಿಗೆ ಕೊಡಿ.

2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಒಂದು ಕಾಲದಲ್ಲಿ ಬಡವರ ಊಟವೆಂದು ನಾಚಿಕೆಪಡುತ್ತಿದ್ದ ಮುದ್ದೆ ಈಗ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿದೆ. ಸಂತೋಷವೇ. ಆದರೆ ಹಗೇವು ತೆಗೆದು ಬದುಕಿದವರ ಮಾತು ಕೇಳಿದ್ದ ತಲೆಮಾರು ತೀರಿಹೋಗುತ್ತಿದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ. ಯಾವ ಬರದಲ್ಲಿ ಏನು ಉಂಡರು, ಯಾವ ಕಣದಲ್ಲಿ ಯಾರು ಪಂದ್ಯ ಗೆದ್ದರು ಎಂಬುದನ್ನು ಊರು, ಇಸವಿ ಸಹಿತ ಬರೆದಿಡಿ. ಇಲ್ಲದಿದ್ದರೆ ಮುಂದೊಂದು ದಿನ ಯಾವುದೋ ಅಂಗಡಿಯ ಪ್ರಚಾರಕನು ನಮ್ಮ ಮುದ್ದೆಗೂ ಒಂದು ಕಥೆ ಕಟ್ಟಿಕೊಟ್ಟಾನು.