ಚೌಕಳಿಯ ಕುಲಗೋತ್ರ

1978ರಲ್ಲಿ, ಬಿ.ಎ. ತರಗತಿಯ ಕೊನೆಯ ವರ್ಷದಲ್ಲಿದ್ದಾಗ, ಹುಡುಗರಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ನಾನೊಂದು ಅಂಗಿ ಹೊಲಿಸಿಕೊಂಡೆ. ಅದುವರೆಗೆ ನಾನು ತೊಟ್ಟಿದ್ದೆಲ್ಲ ಬಿಳಿ ಅಥವಾ ತಿಳಿನೀಲಿ. ಅದೂ ಯುಗಾದಿಗೆ ಮನೆಯ ಗಂಡುಮಕ್ಕಳಿಗೆಲ್ಲ ತಂದೆಯವರು ಒಂದೇ ತಾನಿನಿಂದ ಹರಿಸಿ ತರುತ್ತಿದ್ದ ಬಟ್ಟೆ. ನಾನಾಗಿ ಆರಿಸಿದ ಮೊದಲ ಬಟ್ಟೆ ಕೆಂಪು, ಕಡುನೀಲಿ, ಅರಿಸಿನ ಬಣ್ಣಗಳ ದೊಡ್ಡ ದೊಡ್ಡ ಚೌಕಳಿಯದು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ತಂದೆಯವರು ಅದನ್ನು ನೋಡಿ, "ಇದೇನೋ, ಲುಂಗಿ ಬಟ್ಟೇಲಿ ಅಂಗಿ ಹೊಲಿಸಿದ್ದೀಯ?" ಎಂದರು. ಅಷ್ಟೇ ಅಂದರು. ನನಗೆ ಅದೂ ಹೆಚ್ಚೆನಿಸಿತು.

ಆ ವಾರದ ಕೊನೆಗೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ತಂದೆಯವರಲ್ಲಿ ಹೊರಗೆ ಉಡುವಂಥ ಪಂಚೆ ಇದ್ದದ್ದು ಒಂದೇ. ತಾಯಿ ಅದನ್ನೂ ನನ್ನ ಅಂಗಿಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರು. ಮುಂದಿನದನ್ನು ಹೇಳಬೇಕಾಗಿಲ್ಲ. ಪಂಚೆಯ ತುಂಬ ಕೆಂಪು ಕಲೆ. ಸೀಗೆ, ಸೋಡ, ನಿಂಬೆಹಣ್ಣು ಯಾವುದಕ್ಕೂ ಜಗ್ಗಲಿಲ್ಲ. ನಾನು ಸಿಟ್ಟಿನಿಂದ ಅಂಗಡಿಗೆ ಹೋದೆ. ಅಂಗಡಿಯವರು ತಲೆಯೆತ್ತದೆ, "ಬಣ್ಣ ಅಂದಮೇಲೆ ಬಿಡದೆ ಇರುತ್ತೇನ್ರೀ?" ಎಂದರು. ತಂದೆಯವರು ಪಕ್ಕದ ಮನೆಯವರ ಪಂಚೆಯನ್ನು ಕಡ ತಂದು ಉಟ್ಟು, ಬಂದವರೆದುರು ಕುಳಿತರು. ಸಂಬಂಧ ಕುದುರಿತು. ಅವರು ನನ್ನನ್ನು ಬಯ್ಯಲಿಲ್ಲ. ಆದರೆ ಆ ಕಲೆಯ ಪಂಚೆಯನ್ನು ಮನೆಯಲ್ಲಿ ಹಲವು ವರ್ಷ ಉಟ್ಟರು. ಬೈಗುಳವಾಗಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

ಆ ಬಟ್ಟೆಯ ಪೂರ್ವೋತ್ತರವನ್ನು ಹುಡುಕುವ ಗೀಳು ನನಗೆ ಹತ್ತಿದ್ದು ನಿವೃತ್ತಿಯ ಬಳಿಕ. ಕೇಳುಗರೇ, ಇಂದು ನಿಮ್ಮ ಮುಂದಿಡುವುದು ಆ ಹುಡುಕಾಟದ ಕೆಲವು ಎಳೆಗಳನ್ನು.

ಮೊದಲು ಹೆಸರಿನ ವಿಚಾರ. ಕನ್ನಡ ಮೇಷ್ಟರಿಗೆ ಬಿಡಲಾಗದ ಚಟ ಅದು. ಸಂಸ್ಕೃತದ 'ಚತುಷ್ಕ' ಪ್ರಾಕೃತದ ಬಾಯಲ್ಲಿ ಸವೆದು 'ಚೌಕ'ವಾಯಿತು. ಅದರಿಂದ ನಮ್ಮ ಚೌಕಳಿ, ಚೌಕಡಿ. ಗಜೇಂದ್ರಗಡದ ಕಡೆಯ ಪಟ್ಟೇದಂಚಿನ ಸೀರೆಯ ಒಡಲಿನಲ್ಲಿ, ಉಡುಪಿಯ ಹತ್ತಿ ಸೀರೆಯಲ್ಲಿ, ಹೆಗಲ ಮೇಲಿನ ಟವೆಲಿನಲ್ಲಿ ನಾವು ಇದನ್ನು ನೋಡುತ್ತಲೇ ಬಂದಿದ್ದೇವೆ. ಇಂಗ್ಲಿಷಿನಲ್ಲಿ ಅಮೆರಿಕದವರು ಇದಕ್ಕೆ 'ಪ್ಲ್ಯಾಡ್' ಎನ್ನುತ್ತಾರೆ. ಆ ಮಾತು ಬಂದ ಸ್ಕಾಟ್ಲೆಂಡಿನಲ್ಲಿ ಅದು ವಿನ್ಯಾಸದ ಹೆಸರೇ ಅಲ್ಲ. ಹೊದೆಯುವ ಉಣ್ಣೆಯ ಬಟ್ಟೆಯ ಹೆಸರು. ಹಗಲು ಮೈಗೆ ಸುತ್ತಿ ಸೊಂಟಕ್ಕೆ ಬಿಗಿದು, ಇರುಳು ಅದನ್ನೇ ಹೊದ್ದು ಬಯಲಿನಲ್ಲಿ ಮಲಗುತ್ತಿದ್ದ ಗುಡ್ಡಗಾಡಿನವರ ಹೊದಿಕೆ. ನಮ್ಮ ಕುರಿಗಾಹಿಯ ಕಂಬಳಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿನ್ಯಾಸಕ್ಕೆ ಅಲ್ಲಿನ ಹೆಸರು 'ಟಾರ್ಟನ್'.

ಚೌಕಳಿಯನ್ನು ಯಾರು ಕಂಡುಹಿಡಿದರು ಎಂದು ಕೇಳುವುದು, ಮಗ್ಗವನ್ನು ಕಂಡವರಿಗೆ ನಗೆ ತರಿಸುವ ಪ್ರಶ್ನೆ. ಹಾಸಿನಲ್ಲಿ ಒಂದಿಷ್ಟು ಬಣ್ಣದೆಳೆ ಎಳೆದು, ಅದೇ ಲೆಕ್ಕದಲ್ಲಿ ಹೊಕ್ಕಿನಲ್ಲೂ ಲಾಳಿ ಬದಲಿಸಿದರೆ ಚೌಕಳಿ ತಾನಾಗಿ ಮೂಡುತ್ತದೆ. ಕೆಂಪು ಕೆಂಪನ್ನು ದಾಟಿದಲ್ಲಿ ಅಪ್ಪಟ ಕೆಂಪು. ನೀಲಿಯನ್ನು ದಾಟಿದಲ್ಲಿ ಎರಡೂ ಅಲ್ಲದ ಮೂರನೆಯದು. ಎರಡು ಬಣ್ಣದ ನೂಲಿನಿಂದ ಮೂರು ಛಾಯೆ, ಮೂರರಿಂದ ಆರು. ಆರು ಬಣ್ಣ ತಂದರೆ 21. ಹೊರಗಿನಿಂದ ಯಾರೂ ಬಳಿಯದ ಬಣ್ಣ ಬಟ್ಟೆಯೊಳಗೇ ಹುಟ್ಟುತ್ತದೆ. 'ಹಾಸುಹೊಕ್ಕು' ಎಂಬ ಮಾತನ್ನು ಭಾಷಣಗಳಲ್ಲಿ ಎಷ್ಟು ಸಲ ಬಳಸಿದ್ದೆನೋ. ಅದರ ಅರ್ಥ ಕಣ್ಣಿಗೆ ಕಂಡಿದ್ದು ಗುಂಡಿಮಗ್ಗವೊಂದರ ಮುಂದೆ ಕುಳಿತ ದಿನ.

ಆದ್ದರಿಂದಲೇ ಚೌಕಳಿ ಎಲ್ಲಿ ಬೇಕಾದರೂ ಸಿಗುತ್ತದೆ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬಲ್ಲಿ 1933ರ ಸುಮಾರಿಗೆ ನೆಲದಡಿ ಒಂದು ಮಡಕೆ ಸಿಕ್ಕಿತು. ಒಳಗೆ ರೋಮನ್ನರ ಸುಮಾರು 2000 ಬೆಳ್ಳಿ ನಾಣ್ಯ, ಜೊತೆಗೆ ಒಂದು ಉಣ್ಣೆಯ ಚೂರು. ಮೂರನೆಯ ಶತಮಾನದ್ದು. ಬಣ್ಣ ಹಾಕಿದ್ದಲ್ಲ, ಬಿಳಿ ಕುರಿಯ ಉಣ್ಣೆ, ಕಂದು ಕುರಿಯ ಉಣ್ಣೆ, ಎರಡನ್ನೂ ಚೌಕಳಿಯಾಗಿ ನೆಯ್ದದ್ದು. ನಾಣ್ಯಗಳಿಗಿಂತ ಆ ಚಿಂದಿಗೇ ಈಗ ಹೆಚ್ಚು ಹೆಸರು.

ಇಷ್ಟು ಸಾಮಾನ್ಯವಾದ ಬಟ್ಟೆಗೆ ಒಂದು ಕಾಲದಲ್ಲಿ ಸೆರೆಮನೆಯ ಶಿಕ್ಷೆಯಿತ್ತು. 1745ರಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಎಂಬ ರಾಜಕುಮಾರ ಬ್ರಿಟನ್ನಿನ ಸಿಂಹಾಸನ ತನ್ನ ವಂಶದ್ದೆಂದು ಗುಡ್ಡಗಾಡಿನವರನ್ನು ಕಟ್ಟಿಕೊಂಡು ದಂಡೆತ್ತಿ ಬಂದ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಸೋತ. ಗೆದ್ದ ಸರಕಾರ ಅವರ ಆಯುಧ ಕಿತ್ತುಕೊಂಡಿತು. ಸಾಲದೆಂದು ಉಡುಪನ್ನೂ ನಿಷೇಧಿಸಿತು. ಗುಡ್ಡಗಾಡಿನ ಉಡುಪು ತೊಟ್ಟ ಗಂಡಸಿಗೆ, ಹುಡುಗನಿಗೆ, ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಟಾರ್ಟನ್ ಬಟ್ಟೆಯಲ್ಲಿ ಮೇಲಂಗಿ ಹೊಲಿಸುವುದೂ ಅಪರಾಧವೇ. ಹೆಂಗಸರಿಗೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಇನ್ನೊಂದು ವಿನಾಯಿತಿಯಿತ್ತು: ರಾಜನ ಸೈನ್ಯದಲ್ಲಿದ್ದವರಿಗೆ. ಅಜ್ಜನ ಬಟ್ಟೆ ತೊಡಬೇಕೆಂದರೆ ಅಜ್ಜನನ್ನು ಸೋಲಿಸಿದವನ ಸೈನ್ಯ ಸೇರಬೇಕು.

ಹಾಗೆ ಸೇರಿದವರ ಒಂದು ದಂಡು ನಮ್ಮ ಚರಿತ್ರೆಯೊಳಕ್ಕೂ ನಡೆದು ಬಂದಿದೆ. ಲಾರ್ಡ್ ಮೆಕ್ಲೌಡನ ಗುಡ್ಡಗಾಡಿನ ಪಡೆ 1780ರ ಆರಂಭದಲ್ಲಿ ಮದರಾಸಿನಲ್ಲಿ ಇಳಿಯಿತು. ಆ ಮೆಕ್ಲೌಡನ ತಂದೆಯೂ ಅವನೂ 1745ರಲ್ಲಿ ಬಂಡಾಯದ ಪಕ್ಷದಲ್ಲಿದ್ದವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಗೆ ಸೆರೆಸಿಕ್ಕವರಲ್ಲಿ ಈ ಪಡೆಯವರಿದ್ದರು. ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬ. 1784ರವರೆಗೆ ಅವನು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರಲ್ಲಿ ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳಾಗಿ ಬಂದವನೂ ಅವನೇ ಎಂಬುದು ನಮಗೆಲ್ಲ ಗೊತ್ತು. ಗೊತ್ತಿಲ್ಲದ ಸಣ್ಣ ಸಂಗತಿಯೊಂದುಂಟು. ಅವರು ಕಾವೇರಿಯ ದಡದಲ್ಲಿ ಸೆರೆಯಲ್ಲಿದ್ದಾಗಲೇ, 1782ರಲ್ಲಿ, ಊರಿನಲ್ಲಿ ಉಡುಪಿನ ಕಾಯಿದೆ ರದ್ದಾಯಿತು.

ಕಾಯಿದೆ ಹೋಯಿತು, ಆದರೆ ಅಷ್ಟರೊಳಗೆ ಒಂದು ತಲೆಮಾರು ಕಳೆದಿತ್ತು. ಇಲ್ಲಿಂದ ಮುಂದಿನದು ಸಾಹಿತ್ಯದ ವಿದ್ಯಾರ್ಥಿಗೆ ಬಲು ಸ್ವಾರಸ್ಯದ ಭಾಗ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ ಎಂದು ನಾವು ಕೇಳಿದ್ದೇವಲ್ಲ, ಅದು ಹಳೆಯದಲ್ಲ. ಲಂಡನ್ನಿನ ಹೈಲೆಂಡ್ ಸೊಸೈಟಿ 1815ರಲ್ಲಿ ಕುಲದ ಯಜಮಾನರಿಗೆಲ್ಲ ನಿಮ್ಮ ನಿಮ್ಮ ಚೌಕಳಿಯ ಮಾದರಿ ಕಳುಹಿಸಿ ಎಂದು ಕೇಳಿಕೊಂಡಾಗ, ತಮ್ಮದು ಯಾವುದೆಂದು ತಿಳಿಯದೆ ತಬ್ಬಿಬ್ಬಾದವರಿದ್ದರು. ಬ್ಯಾನಕ್‌ಬರ್ನ್ ಎಂಬ ಊರಿನ ವಿಲ್ಸನ್ ಮನೆತನದ ನೆಯ್ಗೆಯವರ ಬಳಿ ಬೇಕಾದಷ್ಟು ಮಾದರಿಗಳಿದ್ದವು, ಹಲವಕ್ಕೆ ಬರಿಯ ಅಂಕಿಗಳೇ ಹೆಸರು. ಅಂಕಿಯಿದ್ದಲ್ಲಿ ಕುಲದ ಹೆಸರು ಬಂದು ಕೂತಿತು. 1822ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ. ಸ್ವಾಗತದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ಮುತ್ತಜ್ಜನ ಸರಕಾರ ನಿಷೇಧಿಸಿದ್ದ ಉಡುಪನ್ನು ಮರಿಮಗ ತೊಟ್ಟು ದರ್ಬಾರು ನಡೆಸಿದ. ಸ್ಥೂಲಕಾಯದ ದೊರೆ, ಕಾಲಿಗೆ ಮೈಬಣ್ಣದ ಬಿಗಿಚಲ್ಲಣ. ಕುಲದವರೆಲ್ಲ ತಮ್ಮ ತಮ್ಮ ಚೌಕಳಿಯಲ್ಲಿ ಬರಬೇಕೆಂದು ಕರೆ ಹೋದಮೇಲೆ ಮಗ್ಗಗಳಿಗೆ ಬಿಡುವೆಲ್ಲಿ?

1842ರಲ್ಲಿ ಇಬ್ಬರು ಸೋದರರು, ಸೋತ ಆ ರಾಜಕುಮಾರನ ಮೊಮ್ಮಕ್ಕಳು ತಾವೆಂದು ಹೇಳಿಕೊಂಡವರು, ಕುಲಗಳ ಚೌಕಳಿಗಳ ಬಗ್ಗೆ ಭಾರಿ ಗ್ರಂಥವೊಂದನ್ನು ಅಚ್ಚು ಹಾಕಿಸಿದರು. ಅದಕ್ಕೆ ಹಳೆಯ ಹಸ್ತಪ್ರತಿ ಆಧಾರವೆಂದರು. ಹಸ್ತಪ್ರತಿಯನ್ನು ಸ್ಕಾಟನೇ ಮೊದಲಾಗಿ ಕೇಳಿದವರಿಗೆ ತೋರಿಸಲಿಲ್ಲ. ಅವರ ನಿಜವಾದ ಮನೆತನದ ಹೆಸರು ಆಲನ್; ಗ್ರಂಥ ಕಲ್ಪಿತ. ಗ್ರಂಥಸಂಪಾದನೆಯ ಪಾಠ ಹೇಳಿದ ನನಗೆ, ಪ್ರತಿಯೇ ಇಲ್ಲದ ಪಾಠಾಂತರಗಳೆಂದರೆ ಮೈ ಉರಿಯಬೇಕು. ಉರಿಯಲಿಲ್ಲ. ಅವರು ಕಲ್ಪಿಸಿದ ಹಲವು ಚೌಕಳಿಗಳನ್ನು ಜನ ಇಂದಿಗೂ ಕುಲದ ಗುರುತೆಂದು ತೊಡುತ್ತಾರೆ. ಮದುವೆಗೆ, ಸಾವಿಗೆ ತೊಡುತ್ತಾರೆ. ನೂರೆಂಬತ್ತು ವರ್ಷ ಜನ ತೊಟ್ಟದ್ದನ್ನು ಸುಳ್ಳೆಂದು ಕಳಚಿಸಲು ಯಾವ ಪಂಡಿತನಿಗೆ ಸಾಧ್ಯ?

ಈಗ ನಮ್ಮ ತೀರಕ್ಕೆ ಬರೋಣ. ನನ್ನ ಅಂಗಿಯ ಬಟ್ಟೆ ಉಣ್ಣೆಯದಲ್ಲ, ಹತ್ತಿಯದು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲಿ ನೆಲೆಯೂರಿದ್ದೇ ಬಟ್ಟೆಯ ವ್ಯಾಪಾರಕ್ಕೆ. ಅಲ್ಲಿನ ಸುತ್ತಿನಲ್ಲಿ ನೆಯ್ದ ಬಣ್ಣದ ಚೌಕಳಿ ಬಟ್ಟೆಗೆ ಪರದೇಶಗಳಲ್ಲಿ ಊರಿನದೇ ಹೆಸರು ಬಿತ್ತು. 'ಮದರಾಸು ಕರವಸ್ತ್ರ' ಎಂದು ಅದು ಪಶ್ಚಿಮ ಆಫ್ರಿಕಕ್ಕೆ ಹೋಯಿತು. ವೆಸ್ಟ್ ಇಂಡೀಸಿನ ಮಾರ್ಟಿನೀಕ್, ಸೇಂಟ್ ಲೂಸಿಯ ದ್ವೀಪಗಳಿಗೆ ಹೋಗಿ, ಗುಲಾಮಗಿರಿಯನ್ನು ಕಂಡ ಹೆಂಗಸರ ತಲೆವಸ್ತ್ರವಾಯಿತು. ಇಂದು ಅಲ್ಲಿಯ ಹಬ್ಬದ ಉಡುಗೆ ಅದೇ. ನೈಜೀರಿಯದ ಕಲಬಾರಿ ಜನ ಅದನ್ನು 'ಇಂಜಿರಿ' ಎನ್ನುತ್ತಾರೆ. ಹುಟ್ಟಿದ ಕೂಸಿಗೂ ಅದು ಬೇಕು, ಸತ್ತವರ ಮಂಚಕ್ಕೂ ಅದು ಬೇಕು. ಅಷ್ಟೇ ಅಲ್ಲ, ಅವರ ಹೆಂಗಸರು ಮದರಾಸಿನ ಚೌಕಳಿಯನ್ನು ಮುಂದಿಟ್ಟುಕೊಂಡು, ಬ್ಲೇಡಿನಿಂದ ಕೆಲವೇ ಎಳೆಗಳನ್ನು ಕತ್ತರಿಸಿ ಹೊರಕ್ಕೆ ಎಳೆದು, ಇದ್ದ ಚೌಕಳಿಯೊಳಗಿಂದ ತಮ್ಮದೇ ಹೊಸ ಚಿತ್ತಾರ ತೆಗೆಯುತ್ತಾರೆ. ಏನನ್ನೂ ಸೇರಿಸದೆ, ಕಳೆದೇ ಹೊಸದು ಮಾಡುವ ಈ ಕಲೆಯ ಮುಂದೆ ಸ್ಕಾಟ್ಲೆಂಡಿನ ಸೋದರರ ಗ್ರಂಥ ನನಗೆ ಸಪ್ಪೆಯಾಗಿ ಕಾಣುತ್ತದೆ.

ಮದರಾಸು ಚೌಕಳಿ ಅಮೆರಿಕದ ಗಂಡಸಿನ ಅಂಗಿಯಾದ ಪ್ರಸಂಗವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಕಣ್ಣೂರಿನ ಸಿ.ಪಿ. ಕೃಷ್ಣನ್ ನಾಯರ್ ಕೈಮಗ್ಗದ ಬಟ್ಟೆಯ ರಫ್ತುದಾರರು; ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು. 1958ರಲ್ಲಿ ವಿಲಿಯಂ ಜೇಕಬ್‌ಸನ್ ಎಂಬ ಅಮೆರಿಕದ ವರ್ತಕ ಅವರಿಂದ ಚೌಕಳಿ ಬಟ್ಟೆ ಕೊಂಡ. ನಾಯರ್ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಕಥೆ ಹೀಗೆ: ಬಣ್ಣ ಬಿಡುವ ಬಟ್ಟೆ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು ಎಂದು ಅವರು ಎಚ್ಚರಿಸಿದ್ದರು. ವರ್ತಕ ಆ ಮಾತನ್ನು ದಾಟಿಸಲಿಲ್ಲ. ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಅಂಗಡಿಯಿಂದ ಅಂಗಿ ಕೊಂಡವರ ಮನೆಗಳಲ್ಲಿ, ನಮ್ಮ ಮನೆಯ ಬಕೆಟ್ಟಿನಲ್ಲಿ ನಡೆದದ್ದೇ ನಡೆಯಿತು. ದೂರುಗಳು ಬಂದವು, ವಕೀಲರು ಬಂದರು. ಆಮೇಲೆ ಯಾರಿಗೋ ಹೊಳೆಯಿತು: ಬಣ್ಣ ಬಿಡುವುದನ್ನೇ ಗುಣವೆಂದು ಸಾರಿದರೆ? ಬಣ್ಣ ಬಿಟ್ಟೇ ತೀರುತ್ತದೆಂಬುದಕ್ಕೆ ಖಾತರಿ ಕೊಟ್ಟು ಜಾಹೀರಾತು ಬಂತು. ಒಮ್ಮೆ ಒಗೆದರೆ ಒಂದು ಅಂಗಿ, ಇನ್ನೊಮ್ಮೆ ಒಗೆದರೆ ಇನ್ನೊಂದು. ಎಳೆಗಳು ಒಂದರೊಳಗೊಂದು ಕರಗಿ ಮಾಗುತ್ತವೆ, ಹೀಗೆ. 1960ರ ದಶಕದ ಮೊದಲರ್ಧದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಹುಡುಗರು ಅದಕ್ಕೆ ಮುಗಿಬಿದ್ದರು. ಬಣ್ಣ ಬಿಡದ ಚೌಕಳಿ ಕಳಪೆ ಎನಿಸಿಕೊಂಡಿತು!

ಒಂದೇ ಕಲೆ. ಅಲ್ಲಿ ಅದಕ್ಕೆ ಬೆಲೆ ಬಂತು. ಇಲ್ಲಿ ಒಬ್ಬ ಉಪಾಧ್ಯಾಯರು ನೆರೆಮನೆಯ ಬಾಗಿಲಿಗೆ ಹೋದರು. ತಂದೆಯವರ ಲುಂಗಿಯ ಮಾತೂ ಸುಳ್ಳಲ್ಲ. ಇಲ್ಲಿ ಸೊಂಟದಲ್ಲಿ ಇದ್ದಾಗ ಕೂಲಿಯವನ ಬಟ್ಟೆ ಎನಿಸಿದ್ದು, ಅಲ್ಲಿ ಕಾಲರು ಗುಂಡಿ ಹಚ್ಚಿಸಿಕೊಂಡು ಕುಲೀನವಾಯಿತು. ಎರಡನ್ನೂ ನೆಯ್ದ ಕೈ ಒಂದೇ. ಕಥೆಗೆ ಬಂದ ಬೆಲೆಯಲ್ಲಿ ಆ ಕೈಗೆ ಸಂದದ್ದು ಗಜದ ಲೆಕ್ಕದ ಕೂಲಿ.

ಚೌಕಳಿ ಅಂಗಿಯನ್ನು ಆರಿಸುವುದರ ಬಗ್ಗೆಯೂ ಒಂದೆರಡು ಮಾತು ಹೇಳಿಬಿಡುತ್ತೇನೆ. ಬಟ್ಟೆಯನ್ನು ತಿರುಗಿಸಿ ನೋಡಬೇಕು. ಒಳಮೈ ಹೊರಮೈ ಒಂದೇ ಆಗಿದ್ದರೆ ನೂಲಿಗೇ ಬಣ್ಣ ಕಟ್ಟಿ ನೆಯ್ದದ್ದು. ಒಳಮೈ ಮಂಕಾಗಿದ್ದರೆ ಚೌಕಳಿಯ ಚಿತ್ರವನ್ನು ಅಚ್ಚೊತ್ತಿದ್ದು, ಅದು ಬೇಡ. ಸಿದ್ಧ ಉಡುಪಾದರೆ ಎದೆಯ ಜೇಬನ್ನು ನೋಡಬೇಕು. ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡಿ, ಜೇಬು ಇದೆಯೋ ಇಲ್ಲವೋ ಎನಿಸಿದರೆ ಹೊಲಿದವನು ಕೆಲಸ ಬಲ್ಲವನು. ಇದಕ್ಕೆ ಬಟ್ಟೆ ಹೆಚ್ಚು ಬೇಕು. ನಮ್ಮ ಊರಿನ ದರ್ಜಿ ಚೌಕಳಿಗೆಂದು ಕಾಲು ಮೀಟರು ಹೆಚ್ಚು ಕೇಳಿದಾಗ ನಾನು ಮನಸ್ಸಿನಲ್ಲೇ ಅವರನ್ನು ಕಳ್ಳ ಎಂದುಕೊಂಡಿದ್ದೆ. ಹೊಲಿದು ಕೊಟ್ಟ ಅಂಗಿಯಲ್ಲಿ ಗುಂಡಿಪಟ್ಟಿಯ ಎರಡೂ ಬದಿ ಗೆರೆ ತಪ್ಪದೆ ಕೂಡಿದ್ದನ್ನು ನೋಡುವ ಕಣ್ಣು ಆಗ ನನಗಿರಲಿಲ್ಲ. ದಪ್ಪ ಮೈಯವರು ದೊಡ್ಡ ಚೌಕಳಿ ತೊಡಬಾರದೆಂಬ ಮಾತೊಂದುಂಟು. ನಾನು ದಪ್ಪಗಿದ್ದೇನೆ, ತೊಡುತ್ತೇನೆ.

ಕಳೆದ ವರ್ಷ ಕೈಮಗ್ಗದ ಮೇಳವೊಂದರಲ್ಲಿ ಕೆಂಪು, ಕಡುನೀಲಿ, ಅರಿಸಿನದ ಚೌಕಳಿ ಕಣ್ಣಿಗೆ ಬಿತ್ತು. "ಬಣ್ಣ ಬಿಡುತ್ತದೆಯೇನಮ್ಮ?" ಎಂದೆ. ಮಾರುವಾಕೆ, "ಇಲ್ಲ ಸಾರ್, ಗ್ಯಾರಂಟಿ ಬಣ್ಣ," ಎಂದಳು. ಎರಡೂವರೆ ಮೀಟರು ಹರಿಸಿಕೊಂಡು ಬಂದೆ. ಅಂಗಿ ಹೊಲಿದು ಬಂದ ದಿನ ಅಕ್ಕ ಮನೆಯಲ್ಲಿದ್ದಳು. ಎಪ್ಪತ್ತು ದಾಟಿದವಳು; ಅಂಗಿಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿ, "ಅಪ್ಪನ ಪಂಚೆ ಜೋಪಾನ ಕಣೋ," ಎಂದಳು. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು. ನಾನೇ ಅದನ್ನು ಬೇರೆ ಬಕೆಟ್ಟಿನಲ್ಲಿ, ತಣ್ಣೀರಿನಲ್ಲಿ ನೆನೆಹಾಕಿದೆ. ಸಂಜೆ ಹೋಗಿ ನೋಡಿದಾಗ ನೀರು ತಿಳಿಯಾಗಿಯೇ ಇತ್ತು.