ರಾಜ ಒಂದೇ ಉಳಿದರೆ 16 ನಡೆಗಳಲ್ಲಿ ಡ್ರಾ? ಚೆಸ್ ಟೂರ್ನಿಯ ಜಗಳಗಳನ್ನು ಆರ್ಬಿಟರ್ ಬಗೆಹರಿಸುವುದು ಹೀಗೆ

ಎದುರಾಳಿಯ ಬಳಿ ರಾಜ ಒಂದೇ ಉಳಿದರೆ 16 ನಡೆಗಳೊಳಗೆ ಚೆಕ್‌ಮೇಟ್ ಮಾಡಬೇಕು, ಇಲ್ಲದಿದ್ದರೆ ಆಟ ಡ್ರಾ. ಈ ಮಾತು ಕೇಳದೆ ಚೆಸ್ ಕಲಿತವರು ನಮ್ಮಲ್ಲಿ ಕಡಿಮೆ. 16 ಅಲ್ಲ, 21 ಎನ್ನುವವರೂ ಇದ್ದಾರೆ. ಮನೆಯಲ್ಲಿ ಆಡುವಾಗ ಯಾವ ಲೆಕ್ಕವಾದರೂ ನಡೆಯುತ್ತದೆ. ಆದರೆ ಟೂರ್ನಿಯಲ್ಲಿ ಒಂದು ಮಗು ಇದನ್ನೇ ನಂಬಿ, ಗೆಲ್ಲುವ ಆಟದಲ್ಲಿ ಡ್ರಾ ಒಪ್ಪಿಕೊಂಡು ಕೈ ಕುಲುಕಿದರೆ ಅರ್ಧ ಅಂಕ ಹೋದಂತೆಯೇ. ಇಬ್ಬರೂ ಒಪ್ಪಿದ ಕ್ಷಣಕ್ಕೆ ಆಟ ಮುಗಿಯಿತು.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮಗಳಲ್ಲಿ 16 ನಡೆಗಳ ಲೆಕ್ಕವೇ ಇಲ್ಲ. ಇರುವುದು 50ರ ಲೆಕ್ಕ. ಇಬ್ಬರೂ ತಲಾ 50 ನಡೆ ಆಡಿದ್ದಾರೆ, ಅಷ್ಟರಲ್ಲಿ ಒಂದು ಪದಾತಿಯೂ ಕದಲಿಲ್ಲ, ಒಂದು ಕಾಯಿಯೂ ಹೊಡೆತಕ್ಕೆ ಸಿಕ್ಕಿಲ್ಲ ಎಂದಾದರೆ ಆಟಗಾರ ಡ್ರಾ ಕೇಳಬಹುದು. ಗಮನಿಸಿ, ಬಾಯಿಬಿಟ್ಟು ಕೇಳಬೇಕು. ಯಾರೂ ಕೇಳದೆ 75 ನಡೆ ದಾಟಿದರೆ ಮಾತ್ರ ಆಟ ತಾನಾಗಿ ಡ್ರಾ ಆಗುತ್ತದೆ. ಕೊನೆಯ ಆ ನಡೆಯಲ್ಲೇ ಚೆಕ್‌ಮೇಟ್ ಆಗಿದ್ದರೆ ಗೆಲುವು ಗೆಲುವೇ.

‘ಮೂರು ಸಲ ಚೆಕ್ ಕೊಟ್ಟರೆ ಡ್ರಾ’ ಎನ್ನುವುದೂ ಸುಳ್ಳು. ಚೆಕ್ ಎಷ್ಟು ಸಲ ಕೊಟ್ಟರೂ ಅದಕ್ಕೆ ಲೆಕ್ಕವಿಲ್ಲ. ಅದೇ ಆಟಗಾರನ ಸರದಿಯಲ್ಲಿ, ಅದೇ ನಡೆಗಳ ಅವಕಾಶದೊಂದಿಗೆ, ಇಡೀ ಬೋರ್ಡಿನ ಸ್ಥಿತಿ ಮೂರನೇ ಸಲ ಬಂದರೆ ಡ್ರಾ ಕೇಳುವ ಹಕ್ಕು ಸಿಗುತ್ತದೆ. ಮೂರೂ ಬೆನ್ನುಬೆನ್ನಿಗೆ ಬರಬೇಕೆಂದಿಲ್ಲ.

ತೀರ್ಪು ಹೇಗೆ ನಡೆಯುತ್ತದೆ?

ತಕರಾರು ಬಂದರೆ ಮೊದಲ ಕೆಲಸ, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯುವುದು. ಎದುರಾಳಿಯೊಂದಿಗೆ ವಾದಕ್ಕೆ ಇಳಿದರೆ ನಿಮ್ಮ ಸಮಯವೇ ಓಡುತ್ತಿರುತ್ತದೆ. ಡ್ರಾ ಕೇಳಿದ್ದರೆ ಆರ್ಬಿಟರ್ ಯಾರ ನೆನಪನ್ನೂ ನಂಬಬೇಕಿಲ್ಲ. ಸ್ಕೋರ್‌ಶೀಟಿನಲ್ಲಿ ಬರೆದ ನಡೆಗಳನ್ನು ಬೋರ್ಡಿನ ಮೇಲೆ ಮತ್ತೆ ಆಡಿಸಿ ನೋಡಬಹುದು. ಬೇಡಿಕೆ ತಪ್ಪಾಗಿದ್ದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಆಟ ಮುಂದುವರಿಯುತ್ತದೆ. ಗೀಚಿದಂತೆ ಬರೆಯುವ ಮಕ್ಕಳು ಸೋಲುವುದು ಇಲ್ಲೇ.

ನಿಯಮಬಾಹಿರ ನಡೆಗೂ ತಕ್ಷಣ ಸೋಲಿಲ್ಲ. ದೀರ್ಘ ಸಮಯದ ಆಟದಲ್ಲಿ ಮೊದಲ ಸಲ ಬೋರ್ಡನ್ನು ಹಿಂದಿನ ಸ್ಥಿತಿಗೆ ತಂದು ಎದುರಾಳಿಗೆ ಎರಡು ನಿಮಿಷ ಕೊಡುತ್ತಾರೆ. ಅದೇ ಆಟಗಾರ ಎರಡನೇ ಸಲ ಮಾಡಿದರೆ ಸಾಮಾನ್ಯವಾಗಿ ಸೋಲು.

ನಿಜವಾದ ತಲೆನೋವು ‘ಮುಟ್ಟಿದ ಕಾಯಿ ಆಡಬೇಕು’ ಎಂಬ ನಿಯಮದ್ದು. ಮುಟ್ಟಿದ ಎಂದು ಒಬ್ಬ, ಮುಟ್ಟಲೇ ಇಲ್ಲ ಎಂದು ಇನ್ನೊಬ್ಬ. ಬರೆದಿಟ್ಟ ದಾಖಲೆ ಇರುವುದಿಲ್ಲ. ಒಳ್ಳೆಯ ಆರ್ಬಿಟರ್ ಇಬ್ಬರ ಮಾತನ್ನೂ ಒಬ್ಬರು ಇನ್ನೊಬ್ಬರ ಮಾತಿಗೆ ಅಡ್ಡ ಬಾರದಂತೆ ಕೇಳುತ್ತಾರೆ, ಸಂಬಂಧವಿಲ್ಲದ ಮೂರನೆಯವರು ಕಂಡಿದ್ದರೆ ವಿಚಾರಿಸುತ್ತಾರೆ. ಏನೂ ಸಿಗದಿದ್ದರೆ? ದೂರು ನಿಲ್ಲುವುದಿಲ್ಲ, ಆಟ ಸಾಗುತ್ತದೆ. ದೂರು ಕೊಟ್ಟವರಿಗೆ ಇದು ಕಹಿಯೇ. ಆದರೆ ಜೋರಾಗಿ ಹೇಳಿದವರ ಮಾತಿಗೇ ಬೆಲೆ ಕೊಟ್ಟರೆ ನಾಳೆಯಿಂದ ಪ್ರತಿ ಬೋರ್ಡಿನಲ್ಲೂ ಸುಳ್ಳು ದೂರು ಹುಟ್ಟುತ್ತದೆ. ಇಬ್ಬರಲ್ಲಿ ಯಾರ ರೇಟಿಂಗ್ ಹೆಚ್ಚು ಎಂಬುದಂತೂ ಸಾಕ್ಷಿಯೇ ಅಲ್ಲ.

ದೊಡ್ಡವರಲ್ಲೂ ಇದು ನಡೆದಿದೆ. 1994ರಲ್ಲಿ ಸ್ಪೇನಿನ ಲಿನಾರೆಸ್ ಟೂರ್ನಿ. ಗ್ಯಾರಿ ಕಾಸ್ಪರೋವ್ ಎದುರು 17 ವರ್ಷದ ಜುಡಿತ್ ಪೋಲ್ಗರ್. ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಮನಸ್ಸು ಬದಲಿಸಿ ಮತ್ತೊಂದು ಮನೆಗೆ ಇಟ್ಟರು. ಬೆರಳು ಕಾಲು ಸೆಕೆಂಡಿನಷ್ಟು ಹೊತ್ತು ಕುದುರೆಯನ್ನು ಬಿಟ್ಟಿತ್ತು ಎಂಬುದು ಆಮೇಲೆ ವಿಡಿಯೊದಲ್ಲಿ ಕಂಡಿತು. ಪೋಲ್ಗರ್ ಆ ಹೊತ್ತಿಗೆ ಆರ್ಬಿಟರನ್ನು ಕರೆಯಲಿಲ್ಲ. ಕಾಸ್ಪರೋವ್ ಗೆದ್ದರು, ಫಲಿತಾಂಶ ಹಾಗೇ ಉಳಿಯಿತು. ಇಂದಿನ ನಿಯಮದಲ್ಲೂ ಅಷ್ಟೇ: ಇಂಥ ದೂರನ್ನು ನಿಮ್ಮ ಮುಂದಿನ ನಡೆಗೆ ಕಾಯಿ ಮುಟ್ಟುವ ಮೊದಲೇ ಕೊಡಬೇಕು. ಮುಟ್ಟಿದರೆ ದೂರುವ ಹಕ್ಕು ಹೋಯಿತು.

ನಿಯಮದಲ್ಲಿ ಇಲ್ಲದ ಸಂಗತಿ ಎದುರಾದರೆ, ಅದನ್ನೇ ಹೋಲುವ ಸಂದರ್ಭಕ್ಕೆ ನಿಯಮ ಏನು ಹೇಳುತ್ತದೆಂದು ನೋಡಿ ತೀರ್ಮಾನಿಸಿ ಎನ್ನುತ್ತದೆ ಫಿಡೆ ನಿಯಮಾವಳಿಯ ಮುನ್ನುಡಿ. ಎಲ್ಲವನ್ನೂ ಬರೆದಿಡಲು ಹೋದರೆ ಆರ್ಬಿಟರ ವಿವೇಚನೆಗೇ ಜಾಗವಿರದು ಎಂಬ ಎಚ್ಚರವೂ ಅಲ್ಲಿದೆ.

ಇನ್ನು ಪೋಷಕರು. ಗೋಡೆಯ ಬಳಿ ನಿಂತು ‘ಅವನು ಮುಟ್ಟಿದ’ ಎಂದು ಕೂಗುವಂತಿಲ್ಲ. ಪ್ರೇಕ್ಷಕರು ಆಟದ ನಡುವೆ ತಲೆಹಾಕುವುದು ನಿಷಿದ್ಧ. ಏನಾದರೂ ಕಂಡರೆ ಆರ್ಬಿಟರಿಗೆ ಮಾತ್ರ ಹೇಳಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ, ಟೂರ್ನಿಯ ನಿಯಮ ಬೇರೆ ಹೇಳದ ಹೊರತು, ಸ್ಕೋರ್‌ಶೀಟಿಗೆ ಸಹಿ ಹಾಕಿದ ಮೇಲೂ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಗಡುವು, ಶುಲ್ಕ ಇದೆಯೇ ಎಂಬುದನ್ನು ಮೊದಲ ಸುತ್ತಿಗೆ ಮುಂಚೆಯೇ ಆಯೋಜಕರಲ್ಲಿ ಕೇಳಿಟ್ಟುಕೊಳ್ಳಿ.