‘ವಿಐ’ಯ ಎಂಟು ಸಾಲುಗಳು: ಪರದೆಯ ಅಳತೆಯ ಬಗೆಗಿನ ಒಂದು ತಪ್ಪು ಓದು

ಯುನಿಕ್ಸ್‌ನ ಪಠ್ಯ ಸಂಪಾದಕ ‘ವಿಐ’ಯ ಚರಿತ್ರೆಯನ್ನು ಎಡಿಎಂ-3ಎ ಟರ್ಮಿನಲ್‌ನಿಂದಲೇ ಆರಂಭಿಸುವುದು ರೂಢಿಯಾಗಿದೆ. ಅದರ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣದ ಗುರುತುಗಳಿದ್ದವು, ‘ವಿಐ’ ಬರೆದ ಬಿಲ್ ಜಾಯ್ ಅವನ್ನೇ ಬಳಸಿಕೊಂಡರು. ಇದರಲ್ಲಿ ತಕರಾರಿಲ್ಲ. ಆದರೆ ಸಂಪಾದಕದ ಪರದೆಯ ಅಳತೆಯೂ ಆ ಯಂತ್ರದ 24 ಸಾಲು, 80 ಅಂಕಣಗಳಿಂದಲೇ ಬಂತೆಂದು ಸೇರಿಸಿಬಿಡುವವರು ಮೂಲ ಕ್ರಮವಿಧಿಯನ್ನು ತೆರೆದು ನೋಡಿದಂತಿಲ್ಲ.

ಟರ್ಮಿನಲ್‌ನ ಗುಣಗಳನ್ನು ‘ಟರ್ಮ್‌ಕ್ಯಾಪ್’ ಕಡತದಿಂದ ಓದುವ ಭಾಗದಲ್ಲಿ ಜಾಯ್ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಒಂದು, ಯಂತ್ರಕ್ಕಿರುವ ಸಾಲುಗಳು. ಇದು ಕಡತದ ‘ಎಲ್‌ಐ’ ನಮೂದಿನಿಂದ ಬರುತ್ತದೆ. ಇನ್ನೊಂದು, ‘ವಿಂಡೋ’ ಎಂಬ ಆಯ್ಕೆ: ಪರದೆಯನ್ನು ಹೊಸದಾಗಿ ಬರೆಯುವಾಗ ಎಷ್ಟು ಸಾಲು ಬರೆಯಬೇಕು ಎಂಬುದು. ಈ ಎರಡನೆಯದು ತಂತಿಯ ವೇಗದಿಂದ ನಿರ್ಧಾರವಾಗುತ್ತದೆ. ವೇಗ 1200 ಬಾಡ್‌ಗಿಂತ ಕಡಿಮೆಯಿದ್ದರೆ 9, 2400ಕ್ಕಿಂತ ಕಡಿಮೆಯಿದ್ದರೆ 17, ಅದಕ್ಕೂ ಮೇಲಾದರೆ ಯಂತ್ರದ ಅಷ್ಟೂ ಸಾಲು. ಬಂದ ಸಂಖ್ಯೆಯಿಂದ, ತಳದ ಸಂದೇಶದ ಸಾಲಿಗಾಗಿ, ಒಂದನ್ನು ಕಳೆಯಲಾಗುತ್ತದೆ. ಹೀಗೆ 8, 16, ಮತ್ತು 24 ಸಾಲಿನ ಯಂತ್ರದಲ್ಲಿ 23.

ಇಲ್ಲೊಂದು ಜಾಣ ಆಕ್ಷೇಪ ಸಾಧ್ಯ. 8 ಎಂಬುದು 24ರ ಮೂರನೆಯ ಒಂದು ಪಾಲು, 16 ಎರಡು ಪಾಲು; ಹಾಗಾದರೆ ಎಡಿಎಂ-3ಎ ಹಿಂಬಾಗಿಲಿನಿಂದ ಒಳಬಂದಂತಾಗಲಿಲ್ಲವೇ? ಕೇಳಲು ಸೊಗಸಾಗಿದೆ, ನಿಲ್ಲುವುದಿಲ್ಲ. ಕ್ರಮವಿಧಿಯಲ್ಲಿ ಭಾಗಾಕಾರವೇ ಇಲ್ಲ. 9 ಮತ್ತು 17 ನೇರವಾಗಿ ಬರೆದ ಅಂಕಿಗಳು. ಯಂತ್ರದ ಸಾಲುಗಳು ತೀರ ಕಡಿಮೆಯಿದ್ದರೆ ಮಾತ್ರ ಅವು ಅಲ್ಲಿಗೆ ಕುಗ್ಗುತ್ತವೆ. 40 ಸಾಲಿನ ಟರ್ಮಿನಲ್ ತಂದಿಟ್ಟರೂ 300 ಬಾಡ್‌ನಲ್ಲಿ ಸಿಗುವುದು 8 ಸಾಲೇ. ಮೇಲಾಗಿ ಪಾಲಿನ ಲೆಕ್ಕ ಹಿಡಿದವರಿಗೆ ಮೂರನೆಯ ಮೆಟ್ಟಿಲಲ್ಲಿ 24 ಬೇಕು; ಸಿಗುವುದು 23.

ವೇಗದ ಲೆಕ್ಕ ಹಾಕಿದರೆ ಈ ಅಂಕಿಗಳ ಔಚಿತ್ಯ ತಿಳಿಯುತ್ತದೆ. 300 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 1920 ಅಕ್ಷರಗಳ ತುಂಬು ಪರದೆಗೆ 64 ಸೆಕೆಂಡು ಬೇಕು; 8 ಸಾಲಿಗೆ 21 ಸಾಕು. 1200 ಬಾಡ್‌ನಲ್ಲಿ 16 ಸಾಲಿಗೆ 11 ಸೆಕೆಂಡೂ ಹಿಡಿಯದು. (ಇವೆಲ್ಲ ತುಂಬಿದ ಸಾಲುಗಳ ಲೆಕ್ಕ. ಜಾಯ್ ಇದೇ ಗುಣಾಕಾರ ಮಾಡಿದರೆಂದು ನನ್ನ ವಾದವಲ್ಲ. ಮಿತಿ ಇದ್ದದ್ದು ಗಾಜಿನಲ್ಲಲ್ಲ, ತಂತಿಯಲ್ಲಿ ಎಂಬಷ್ಟೇ.) 300 ಬಾಡ್ ಮೋಡೆಮ್‌ನ ಪಾಡನ್ನು ಜಾಯ್ ನಂತರದ ಸಂದರ್ಶನದಲ್ಲಿ ತಾವೇ ನೆನೆದಿದ್ದಾರೆ. ಆ ಮಾತನ್ನು ರಂಜನೆಗಾಗಿ ಉದ್ಧರಿಸುವವರು ಬಹಳ, ಸಾಕ್ಷ್ಯವೆಂದು ಪರಿಗಣಿಸಿದವರು ಕಡಿಮೆ.

ಜಾಯ್ ಬರೆದು ಮಾರ್ಕ್ ಹಾರ್ಟನ್ ಪರಿಷ್ಕರಿಸಿದ ‘ವಿಐ’ ಪರಿಚಯ ಕೈಪಿಡಿಯಲ್ಲಿ ನಿಧಾನ ಟರ್ಮಿನಲ್‌ಗಳಿಗೆಂದೇ ಒಂದು ಭಾಗವಿದೆ. ‘ಝಡ್’ ಆದೇಶದ ಜೊತೆ ಸಂಖ್ಯೆ ಕೊಟ್ಟು ಬೇಕಾದಷ್ಟೇ ಸಾಲು ಬರೆಸಿಕೊಳ್ಳುವುದು, ಮೊದಲಿಗೆ ಚಿಕ್ಕದಾಗಿದ್ದ ಕಿಟಕಿ ಸರಿಸುತ್ತ ಹೋದಂತೆ ದೊಡ್ಡದಾಗುವುದು, ಇವೆಲ್ಲ ಅಂದಿನ ಬಳಕೆದಾರನ ದಿನಚರಿ. ಪರದೆಯ ಅಳತೆ ಹೊಂದಿಸುವುದೆಂದರೆ ಆಗ ಕಾಯುವ ಹೊತ್ತನ್ನು ಹೊಂದಿಸುವುದು.

ಅದು ಬರಿಯ ಜಾಗದ ಪ್ರಶ್ನೆಯಾದದ್ದು ಕಿಟಕಿಗಳ ಯುಗದಲ್ಲಿ. ಎಳೆದು ಹಿಗ್ಗಿಸಬಹುದಾದ ಟರ್ಮಿನಲ್ ಎಮ್ಯುಲೇಟರ್‌ಗೆ ‘ಎಲ್‌ಐ’ಯಂಥ ಸ್ಥಿರ ನಮೂದು ಸಾಲದು. 1986ರ ಯುನಿಕ್ಸ್ ಆವೃತ್ತಿ 4.3 ಬಿಎಸ್‌ಡಿಯಲ್ಲಿ ‘ಸಿಗ್‌ವಿಂಚ್’ ಸಂಕೇತವಿದೆ: ಅಳತೆ ಬದಲಾಯಿತೆಂಬ ಸುದ್ದಿ ಕೇಳಿ ಸಂಪಾದಕ ಕರ್ನೆಲ್‌ನಿಂದ ಸಾಲು, ಅಂಕಣಗಳನ್ನು ವಿಚಾರಿಸಿಕೊಳ್ಳುತ್ತದೆ. ಸೀರಿಯಲ್ ತಂತಿಯಲ್ಲಿ ಈ ಸುದ್ದಿ ಇಂದಿಗೂ ತಾನಾಗಿ ಸಾಗದು. ಅಲ್ಲಿ ಎಕ್ಸ್‌ಟರ್ಮ್ ಎಮ್ಯುಲೇಟರ್ ಜೊತೆ ಬರುವ ‘ರೀಸೈಜ್’ ಆದೇಶ ಕರ್ಸರನ್ನು 999ನೆಯ ಸಾಲು, 999ನೆಯ ಅಂಕಣಕ್ಕೆ ಅಟ್ಟಿ, ಅದು ಎಲ್ಲಿ ಹೋಗಿ ನಿಂತಿತೆಂದು ಟರ್ಮಿನಲ್ಲನ್ನೇ ಕೇಳುತ್ತದೆ.

ವೇಗದ ನಿಯಮವನ್ನು ಸತ್ತ ಪಳೆಯುಳಿಕೆ ಎಂದು ತಳ್ಳಿಹಾಕುವವರು ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ಮಾನಕವನ್ನು ನೋಡಬೇಕು. ‘ವಿಐ’ಯ ತಳಹದಿಯಾದ ಸಾಲು ಸಂಪಾದಕ ‘ಇಎಕ್ಸ್’ಗೆ ಅದು ಕೊಡುವ ವಿವರಣೆಯಲ್ಲಿ 8, 16 ಎಂಬ ಅಂಕಿಗಳಿಲ್ಲ, ಆದರೆ ತಂತಿಯ ಬಾಡ್ ವೇಗ ‘ವಿಂಡೋ’ ಆಯ್ಕೆಯ ಮೂಲ ಬೆಲೆಯನ್ನು ಬದಲಿಸಬಹುದು ಎಂಬ ಮಾತು ಉಳಿದಿದೆ; ‘ಸಿಗ್‌ವಿಂಚ್’ ಆ ಮಾನಕದೊಳಗೆ ಸೇರಿದ್ದು 2024ರ ಆವೃತ್ತಿಯಲ್ಲಿ.